ಮಗ್ಗುಲಿನ ಜಾಗ

ಭಾನುವಾರದ ಆರಾಧನೆ ಮುಗಿಸಿ ಹೊರಬಂದ ಗಡಿಯಾರ ರಿಪೇರಿಯವನಿಗೆ, ಸಮಾಧಿ ತೋಡುವ ಮುದುಕ ಬಾಯಿ ಮುಚ್ಚಿಕೊಂಡಿರಲಾರದೆ ಒಂದು ಸುದ್ದಿ ಹೇಳಿದ. ಚರ್ಚಿನ ಸ್ಮಶಾನದಲ್ಲಿ, ಗೇಟಿನ ಬಳಿ, ಇವನು ತನಗೂ ಹೆಂಡತಿಗೂ ಕಾದಿರಿಸಿಕೊಂಡಿದ್ದ ಜೋಡಿ ಜಾಗದ ಮಗ್ಗುಲಿನ ಜಾಗ ತುತ್ತೂರಿಗೆ ಸಿಕ್ಕಿದೆಯಂತೆ.

ತುತ್ತೂರಿ ಎಂದರೆ ಪಕ್ಕದ ಮನೆಯವನು, ಚರ್ಚಿನ ವಾದ್ಯಗಾರ. ಅವನು ಬೆಳಿಗ್ಗೆ ಊದಲು ಕೂತರೆ ಇವನ ಚಿಮುಟದಲ್ಲಿದ್ದ ಸಣ್ಣ ಸ್ಕ್ರೂ ಹಾರಿ ಮಂಚದ ಕೆಳಗೆ ಸೇರುತ್ತಿತ್ತು. ಇವನು ಗೋಡೆ ಕುಟ್ಟುತ್ತಿದ್ದ. ಅವನು ಇನ್ನೂ ಜೋರಾಗಿ ಊದುತ್ತಿದ್ದ. ಒಟ್ಟಿನಲ್ಲಿ ಎಣ್ಣೆ ಸೀಗೆಕಾಯಿ ಸಂಬಂಧ.

"ಬದುಕಿರೋವಾಗ ಹೇಗೋ ಸಹಿಸ್ಕೊಂಡೆ," ಎಂದು ಹೆಂಡತಿಯ ಮುಂದೆ ಗೋಳು ತೋಡಿಕೊಂಡ. "ಕಡೇ ದಿನ ಸತ್ತೋರನ್ನ ಎಬ್ಬಿಸೋಕೆ ದೇವದೂತ ತುತ್ತೂರಿ ಊದ್ತಾನಲ್ಲ, ಅದನ್ನ ಇವನದೇ ಅಂದ್ಕೊಂಡು ಮಗ್ಗುಲು ಬದಲಿಸಿ ಮಲಗಿಬಿಟ್ರೆ? ಎಲ್ಲರೂ ಎದ್ದು ಹೋಗ್ತಾರೆ, ನಾನೊಬ್ಬ ಉಳ್ಕೋತೀನಿ."

ಅಂದು ಅವರ ಮದುವೆಯ ವಾರ್ಷಿಕೋತ್ಸವ. ಕೆರೆಯ ದಂಡೆಯಲ್ಲಿ ಕೂತು ಉಣ್ಣೋಣವೆಂದು ಅವಳು ಬುಟ್ಟಿ ತುಂಬಿಸಿಟ್ಟಿದ್ದಳು. "ರೀ, ಸತ್ತ ಮೇಲಿಂದು ದೇವರು ನೋಡ್ಕೋತಾನೆ. ಇವತ್ತು ನನ್ನ ಪಕ್ಕ ಕೂತ್ಕೊಳ್ಳಿ, ಸಾಕು."

ಅವನಿಗೆ ಅವಳೆಂದರೆ ಪ್ರಾಣ. ಆದರೂ ಈಗ ಬಂದೆ ಎಂದು ಹೊರಟೇಬಿಟ್ಟ.

ಸ್ಮಶಾನದ ದೂರದ ಮೂಲೆಯಲ್ಲಿ, ದೊಡ್ಡ ಮರದಡಿ, ರೊಟ್ಟಿ ಅಂಗಡಿಯ ದಂಪತಿಯ ಜಾಗವಿತ್ತು. ಅದಲುಬದಲಿನ ಮಾತೆತ್ತಿದ್ದಕ್ಕೆ ಅಂಗಡಿಯವನು, ಜೀವಮಾನವೆಲ್ಲ ಒಲೆಯ ಮುಂದೆ ಬೆಂದವನಿಗೆ ಅಲ್ಲಾದರೂ ನೆರಳು ಬೇಡವೇ ಎಂದ. ಅವನ ಹೆಂಡತಿಗೆ ಮಾತ್ರ ಬಲು ಖುಷಿ. ಗೇಟಿನ ಹತ್ತಿರವಾದರೆ ಯಾರು ಬಂದರು, ಯಾರ ಜೊತೆ ಬಂದರು ಎಲ್ಲವೂ ಕಾಣುತ್ತದೆ. ಆದರೆ ಅಂಗಡಿಯ ಕೆಟ್ಟ ಗಡಿಯಾರ ಇವತ್ತೇ ನಡೆಯಬೇಕೆಂದು ಪಟ್ಟುಹಿಡಿದಳು. ಬಿಚ್ಚಿ ನೋಡಿದರೆ ಒಳಗೆ ಒಂದು ರೊಟ್ಟಿಗಾಗುವಷ್ಟು ಹಿಟ್ಟು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಊಟದ ಹೊತ್ತು ಮೀರಿತು.

ಇನ್ನು ಪಾದ್ರಿಗಳ ಒಪ್ಪಿಗೆ. ಅವರು ನಿದ್ದೆಗಣ್ಣಲ್ಲೇ ಬಾಗಿಲು ತೆರೆದರು. "ದೇವರು ಕೊಟ್ಟ ಈ ದಿನಾನ ಚೆನ್ನಾಗಿ ಬಾಳಿ ಅಂತ ಬೆಳಿಗ್ಗೆ ಗಂಟಲು ಹರ್ಕೊಂಡೆ. ನೀವೆಲ್ಲ ಸಾಯೋ ಜಾಗದ್ದೇ ಕೇಳ್ತೀರಲ್ಲಪ್ಪ," ಎಂದು, ಮುದುಕನಿಗೆ ಹೇಳಿ ಏನಾದರೂ ಮಾಡಿಕೋ ಎಂದುಬಿಟ್ಟರು. ಇವನು ಮುದುಕನನ್ನು ಹುಡುಕಿ ಹಿಡಿದು, ಯಾರಿಗೂ ಬಾಯಿಬಿಡಬೇಡವೆಂದು ಆಣೆ ಹಾಕಿಸಿಕೊಂಡ. ಮುದುಕ ಯಾಕೋ ಎರಡು ಸಲ ಕೆಮ್ಮಿದ.

ಸಂಜೆ ಹೊಸ ಜಾಗ ನೋಡಲು ಹೋದ. ಹುಲ್ಲಿನ ಮೇಲೆ ಮೈಚಾಚಿ ಕಣ್ಣು ಮುಚ್ಚಿದ. ಎಂಥ ನೆಮ್ಮದಿ! ಅಷ್ಟರಲ್ಲಿ ಕಿವಿಯ ಬುಡದಲ್ಲೇ ಪೊಂಯ್ ಎಂದಿತು.

ಮರದ ಆಚೆ ಬದಿಗೆ ಒರಗಿ ಪಕ್ಕದ ಮನೆಯವನು ಕೂತಿದ್ದ. ಇಬ್ಬರೂ ಭೂತ ಕಂಡವರಂತೆ ಬೆಚ್ಚಿದರು.

"ನೀನು ಇಲ್ಲೇನು ಮಾಡ್ತಿದೀಯ?"

"ಇದು ಹೆಡ್‌ಮಾಸ್ತರ ಜಾಗ. ಕಾಡಿ ಬೇಡಿ ಇವತ್ತೇ ಬದಲಾಯಿಸ್ಕೊಂಡೆ, ನಿನ್ನ ಸಹವಾಸ ಬೇಡ ಅಂತ. ಕಡೇ ದಿನ ದೇವದೂತ ಊದೋವಾಗ ನೀನು ಕುಟ್ಟೋಕೆ ಶುರುಮಾಡಿದ್ರೆ ಅವನು ಬೇಜಾರಾಗಿ ನಿಲ್ಲಿಸಿಬಿಡ್ತಾನೆ. ಆಮೇಲೆ ನಮ್ಮ ಗತಿ?"

ಗುದ್ದಲಿ ಹೊತ್ತು ಬಂದ ಮುದುಕನನ್ನು ಇಬ್ಬರೂ ದುರುಗುಟ್ಟಿ ನೋಡಿದರು. "ಇಬ್ರೂ ಆಣೆ ಹಾಕಿಸಿದ್ರಿ. ಕೊಟ್ಟ ಮಾತಿಗೆ ನಾನು ತಪ್ಪೋನಲ್ಲ," ಎಂದು ಅವನು ಹೋದ. ಇನ್ನೊಮ್ಮೆ ಬದಲಾಯಿಸೋಣವೆಂದರೆ ಅಂಗಡಿಯವಳು ಆಗಲೇ ಗೇಟಿನ ಬಳಿ ಹೂಗಿಡ ನೆಡುತ್ತಿದ್ದಳು.

ಗಂಡನನ್ನು ಹುಡುಕಿಕೊಂಡು ಹೆಂಡತಿ ಬುಟ್ಟಿಯೊಂದಿಗೆ ಬಂದಳು. ಕೆರೆಗೆ ಹೊತ್ತು ಮೀರಿತ್ತು. ಅವಳು ಅಲ್ಲೇ ಬಟ್ಟೆ ಹಾಸಿ ಇಬ್ಬರಿಗೂ ಬಡಿಸಿ, "ಅಣ್ಣಾ, ನಮ್ಮ ಮದುವೇಲಿ ಊದಿದ್ದನ್ನ ಇನ್ನೊಂದ್ಸಲ ಊದು," ಎಂದಳು.

ಅವನು ಊದಿದ. ಅವಳು ಗಂಡನ ಹೆಗಲಿಗೆ ಒರಗಿದಳು. ಇವನ ಕಣ್ಣು ತುಂಬಿ ಬಂತು. ಸಾವು ಇಲ್ಲೇ ಬರುವುದಾದರೂ ಇವತ್ತು ಇದು ಸಾಕು ಎನ್ನಿಸಿತು.

ಎರಡನೆಯ ಚರಣಕ್ಕೆ ಸ್ವರ ತಪ್ಪಿತು. ಇವನ ಮುಷ್ಟಿ ತಾನಾಗಿ ಮೇಲೆದ್ದಿತು. ಕುಟ್ಟೋಣವೆಂದರೆ, ಮನೆಯಲ್ಲಿದ್ದ ಹಾಗೆ ಇಲ್ಲಿ ನಡುವೆ ಒಂದು ಗೋಡೆಯೂ ಇರಲಿಲ್ಲ.