ಬೆಳ್ಳುಳ್ಳಿ ಮದ್ದಿನ ಯಜಮಾನರು

ಕೋಳಿ ಸಾಕುವ ಯಜಮಾನರ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ, ಅದು ಇಳಿಯುವ ಹೊತ್ತಿಗೆ ಅಡುಗೆಮನೆಯ ಡಬ್ಬಿಯೊಂದು ಬರಿದಾಗಿರುತ್ತದೆ. ಈ ಸಲ ಹೊಕ್ಕಿದ್ದು ಬೆಳ್ಳುಳ್ಳಿ.

"ಲೇ, ಕೇಳಿದ್ಯಾ! ಹೋಟೆಲ್ ಮಾಲೀಕರು ನಮ್ಮ ಬ್ರಾಯ್ಲರ್ ಕೋಳಿ ಅಷ್ಟೂ ಕೊಳ್ತಾರಂತೆ. ಆದ್ರೆ ಆ್ಯಂಟಿಬಯಾಟಿಕ್ ಒಂದು ತೊಟ್ಟೂ ಮುಟ್ಟಿಸಿರಬಾರದಂತೆ. ಇನ್ಮೇಲೆ ಮೇವಿಗೆ ಬೆಳ್ಳುಳ್ಳಿ! ಹಿತ್ತಲ ಗಿಡ ಮದ್ದಲ್ಲ ಅಂದೋರ ಬಾಯಿಗೆ ಬೀಗ!"

"ಬೀಗ ಮೊದಲು ನನ್ನ ಡಬ್ಬಿಗೆ ಹಾಕ್ಬೇಕು," ಎಂದಳು ಹೆಂಡತಿ. "ಎಷ್ಟು ಹಾಕ್ಬೇಕೂಂತ ಕೋಳಿ ಡಾಕ್ಟರನ್ನ ಕೇಳಿದ್ರಾ?"

"ಒಳ್ಳೇದಕ್ಕೂ ಅಳತೆ ಏನೇ?"

ರುಬ್ಬಿದರು ನೋಡಿ, ಬಕೆಟ್ ತುಂಬ! ಮೇವಿಗೆ ಕಲಸಿ ಇಟ್ಟರೆ ಕೋಳಿಗಳು ಮೂಸಿ, (ಮುನಿದ ಅಳಿಯಂದಿರ ಹಾಗೆ) ಬೆನ್ನು ತಿರುಗಿಸಿ ಕೂತವು. "ಒಗ್ಗುತ್ತೆ ಬಿಡು," ಎಂದು ಯಜಮಾನರು ಮೀಸೆ ತಿರುವಿದರು. ಮಾರನೆಯ ದಿನದಿಂದ ಮೇವು ಹಾಕುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಕೋಳಿಗಳು ತಟ್ಟೆಗೆ ಮುಗಿಬಿದ್ದವು!

ಯಜಮಾನರು ಉಬ್ಬಿ ಹೋದರು. ಮನೆಯ ಸಾರು, ಪಲ್ಯ, ಚಟ್ನಿಯಲ್ಲೂ ಬೆಳ್ಳುಳ್ಳಿ ಘಮಘಮಿಸತೊಡಗಿತು. ಇವಳಿಗೂ ಬುದ್ಧಿ ಬಂತು ಎಂದುಕೊಂಡು, ದಿನಾ ತಾವೇ ಬಕೆಟ್ ತುಂಬ ರುಬ್ಬಿ ಕೊಟ್ಟು, ಬೆರಳು ನೆಕ್ಕಿ ಉಂಡರು.

ಕಡೆಗೆ ಹೋಟೆಲ್ ಮಾಲೀಕರು ಬಂದರು. ಯಜಮಾನರು ಓಡಿಹೋಗಿ ಕೈ ಹಿಡಿದುಕೊಂಡರು. ಮಾಲೀಕರು ಮೂಗು ಹಿಡಿದುಕೊಂಡರು.

"ಕೋಳಿ ದಷ್ಟಪುಷ್ಟವಾಗಿವೆ. ಆದ್ರೆ ಇದೇನ್ರೀ ಬೆಳ್ಳುಳ್ಳಿ ನಾತ! ಮಾಂಸಕ್ಕೂ ಹತ್ತಿದ್ರೆ ನಮ್ಮ ಗಿರಾಕಿಗಳು ಎದ್ದು ಹೋಗ್ತಾರೆ. ಬೇಡಪ್ಪ."

ಯಜಮಾನರು ಕೈ ಮುಗಿದರು. "ಸ್ವಾಮಿ, ಒಂದು ಮಾತು..." ಎಂದು ಹತ್ತಿರ ಹೋದಷ್ಟೂ ಮಾಲೀಕರು ಹಿಂದೆ ಹಿಂದೆ ಸರಿದು ಗೇಟು ಮುಟ್ಟಿದರು.

ಅಷ್ಟರಲ್ಲಿ ಹೆಂಡತಿ ತಟ್ಟೆ ಹಿಡಿದು ಬಂದಳು. "ನಮ್ಮದೇ ಕೋಳಿ, ಬರೀ ಉಪ್ಪಲ್ಲಿ ಬೇಯಿಸಿದ್ದು, ತಿಂದು ನೋಡಿ. ರೀ, ನೀವು ಸ್ವಲ್ಪ ಆ ಬೇಲಿ ಹತ್ರ ನಿಂತ್ಕೊಳ್ಳಿ."

ಯಜಮಾನರು ಬೇಲಿಗೆ ಹೋದರು. ಮಾಲೀಕರು ಮೂಗು ಬಿಟ್ಟು ಬಾಯಿ ತೆರೆದರು. ಅಗಿದರು. ಕಣ್ಣರಳಿತು.

"ವಾಸನೇನೇ ಇಲ್ವಲ್ಲ! ಹಾಗಾದ್ರೆ ಆಗಿಂದ ಬಂದಿದ್ದು..."

"ಕೋಳಿಗೆ ಡಾಕ್ಟರು ಹೇಳಿದಷ್ಟು ಚಿಟಿಕೆ ಮಾತ್ರ," ಎಂದು ಹೆಂಡತಿ ದನಿ ತಗ್ಗಿಸಿದಳು. "ಉಳಿದ ಬಕೆಟ್ಟು ಚೆಲ್ಲೋಕೆ ಮನಸ್ಸು ಬರ್ಲಿಲ್ಲ." ಇಬ್ಬರ ಕಣ್ಣೂ ಬೇಲಿಯ ಕಡೆ ಹೊರಳಿತು.

ಮಾಲೀಕರು ಹೊಟ್ಟೆ ಹಿಡಿದು ನಕ್ಕರು. "ಕೋಳಿ ಅಷ್ಟೂ ನನಗಿರಲಿ. ಯಜಮಾನರು ನಿಮಗೇ ಇರಲಿ, ಅಮ್ಮಾ!"

"ಏನಂತೇ? ನನ್ನ ಬೆಳ್ಳುಳ್ಳಿ ಗೆಲ್ತಾ?" ಬೇಲಿಯಿಂದ ಕೂಗು ಬಂತು.

"ಗೆಲ್ತು ರೀ! ಲಾರಿ ಹೋಗೋವರೆಗೆ ಅಲ್ಲೇ ಇರಿ!"