ಅತ್ತೆಯ ಕಿವಿಗೆ ಬಿದ್ದ ಟೂಟೂ

ನಮ್ಮ ಮನೆಯಲ್ಲಿ ಒಂದು ಕೆಲಸವೂ ನೆಟ್ಟಗೆ ನಡೆದ ಉದಾಹರಣೆ ಇಲ್ಲ. ಅದರಲ್ಲೂ ಮೈಸೂರಿನಿಂದ ಅತ್ತೆ ಬಂದಿದ್ದಾಗ ಕೇಳಲೇಬೇಡಿ.

ಮಲೇಷ್ಯಾದ ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಬ್ಲೌಸ್ ಹೊಲಿಯುತ್ತೇನೆ. ಮಗಳು ಬ್ಯಾಲೆ ಕಲಿಯುತ್ತಾಳೆ. ಅವಳ ಟೀಚರ್ ವಯಸ್ಸಾದ ಚೀನೀ ಹೆಂಗಸು, ಮಹಾ ಕಟ್ಟುನಿಟ್ಟು. ಅವರು ಕೆಮ್ಮಿದರೆ ಮಕ್ಕಳ ಬೆನ್ನು ತಾನೇ ನೆಟ್ಟಗಾಗುತ್ತದೆ. ಈ ಸಲದ ವಾರ್ಷಿಕೋತ್ಸವಕ್ಕೆ ಟೂಟೂ ಲಂಗದ ಚರಿತ್ರೆಯನ್ನೇ ಕುಣಿಸುತ್ತೇನೆ ಅಂತ ಅವರು ಹೊರಟರು. ಟೂಟೂ ಅಂದರೆ ಬ್ಯಾಲೆಯವರ ಬಲೆಬಟ್ಟೆಯ ಲಂಗ. ಒಬ್ಬ ಹುಡುಗಿಗೆ ಹಳೇ ಕಾಲದ, ಪಾದದವರೆಗೆ ಇಳಿಯುವ ಲಂಗ. ಇನ್ನೊಬ್ಬಳಿಗೆ ಮಂಡಿಯವರೆಗಿನದು. ಕೊನೆಯವಳಿಗೆ ಸೊಂಟದ ಸುತ್ತ ತಟ್ಟೆಯ ಹಾಗೆ ಅಡ್ಡಡ್ಡ ನಿಲ್ಲುವ ಗಿಡ್ಡ ಲಂಗ. ಆ ಕೊನೆಯವಳೇ ನನ್ನ ಮಗಳು.

"ನೀನು ಟೈಲರ್ ಅಲ್ವಾ, ನೀನೇ ಹೊಲಿ ಲಾ" ಅಂದರು ಟೀಚರ್, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ 'ಲಾ' ಸೇರಿಸಿ. ಸೀರೆ ಫಾಲ್ಸ್ ಹಚ್ಚಿಕೊಂಡು ಹಾಯಾಗಿದ್ದವಳು ಪದರದ ಮೇಲೆ ಪದರ ಬಲೆ ನೆರಿಗೆ ಹಿಡಿಯುತ್ತಾ ಕೂತೆ.

ತೂತು

ಲಂಗ ಮುಗಿದ ದಿನ ಮಗಳು ಓಡಿಹೋಗಿ, "ಅಜ್ಜಿ, ಮೈ ಟೂಟೂ ಈಸ್ ರೆಡಿ" ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷ್.

"ತೂತಾ? ಹೊಸ ಬಟ್ಟೆಗಾ? ತಾ ಇಲ್ಲಿ, ಎರಡು ಹೊಲಿಗೆ ಹಾಕ್ಕೊಡ್ತೀನಿ" ಅಂತ ಅತ್ತೆ ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸಿಕೊಂಡೇ ಬಂದರು. ಲಂಗವನ್ನು ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ ಕೂಸೇ, ಇದರಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇದೆಯಲ್ಲೇ. ಇದನ್ನೆಲ್ಲ ಮುಚ್ಚೋಕೆ ನನ್ನ ಆಯಸ್ಸು ಸಾಲಲ್ಲ."

ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಬಿಡಮ್ಮ, ಎಲ್ಲರ ಮನೆ ದೋಸೆನೂ ತೂತೇ" ಅಂದರು.

"ಅತ್ತೆ, ಅದು ತೂತಲ್ಲ, ಟೂಟೂ" ಅಂದೆ.

"ಇಂಗ್ಲಿಷಲ್ಲಿ ಹೇಳಿದ ತಕ್ಷಣ ತೂತು ಮುಚ್ಚಿಹೋಗತ್ತಾ?" ಅಂದರು ಅತ್ತೆ.

ಚಿತ್ರಾನ್ನದ ಮುಚ್ಚಳ

ಇಲ್ಲಿನ ಮನೆಗಳಲ್ಲಿ ಊಟದ ಮೇಜಿನ ಮೇಲಿನ ಪಾತ್ರೆಗಳಿಗೆ ನೊಣ ಕೂರದ ಹಾಗೆ ಬಲೆಯ ದೊಡ್ಡ ಮುಚ್ಚಳ ಕವುಚಿಡುತ್ತಾರೆ. ಕೆಳಮನೆಯ ತಮಿಳು ಅಕ್ಕನ ಮನೆಯಲ್ಲಿ ಅದನ್ನು ಕಂಡು ಅತ್ತೆಗೆ ಬಲು ಇಷ್ಟವಾಗಿತ್ತು. ಟೂಟೂವನ್ನು ನೇತುಹಾಕಿದರೆ ಜೋಲುತ್ತದೆ, ಹಾಗಾಗಿ ಅದನ್ನು ಮೇಜಿನ ಮೇಲೆ ಅಗಲವಾಗಿ ಹರಡಿಟ್ಟು ನಾನು ಸಾಮಾನು ತರಲು ಹೋಗಿದ್ದೆ.

ಬಂದು ನೋಡುತ್ತೇನೆ, ಟೂಟೂ ಚಿತ್ರಾನ್ನದ ಮೇಲೆ ಕೂತಿದೆ. ಹರಡಿಟ್ಟದ್ದು ಅಂಥದೇ ಮುಚ್ಚಳ ಅಂದುಕೊಂಡು ಅತ್ತೆಯೇ ಕವುಚಿದ್ದು. ನನ್ನ ಗಂಡ ಆಗಲೇ ಅದನ್ನು ಎತ್ತಿ, ಬಡಿಸಿಕೊಂಡು, ಮತ್ತೆ ಜೋಪಾನವಾಗಿ ಮುಚ್ಚಿ ಊಟ ಮುಗಿಸಿದ್ದಾರೆ. ಕೈ ತೊಳೆದು ಬಂದವರು, "ಒಳ್ಳೇ ಮುಚ್ಚಳ ಕಣೆ. ಆದ್ರೆ ಇದಕ್ಕೆ ಹಿಂದುಗಡೆ ಹುಕ್ಕು ಯಾಕೆ ಇಟ್ಟಿದಾರೆ?" ಅಂತ ಕೇಳಿದರು.

ಬಾಕಿ ಅರ್ಧ

ಅರಿಶಿನದ ಕಲೆ ಹೋಗುವಷ್ಟು ಉಜ್ಜಿ ಒಣಗಿಸಿ, ಮಗಳಿಗೆ ತೊಡಿಸಿದೆ. ಅತ್ತೆ ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು.

"ಬಾಕಿ ಅರ್ಧ ಯಾವಾಗ ಹೊಲೀತೀಯ?"

"ಇಷ್ಟೇ ಅತ್ತೆ."

"ಇಷ್ಟೇ ಆದ್ರೆ ನಾನು ಬರಲ್ಲ. ನಾಲ್ಕು ಜನದ ಮುಂದೆ ಮೊಮ್ಮಗಳನ್ನ ಹೀಗೆ ನೋಡೋಕೆ ನನ್ನಿಂದಾಗಲ್ಲ."

ಮಗಳ ಮುಖ ಬಾಡಿಹೋಯಿತು. "ಇಫ್ ಅಜ್ಜಿ ಈಸ್ ನಾಟ್ ಕಮಿಂಗ್, ಐ ವೋಂಟ್ ಡ್ಯಾನ್ಸ್" ಅಂತ ಕೋಣೆ ಸೇರಿದಳು. ಅಜ್ಜಿಗೆ ತೋರಿಸಬೇಕು ಅಂತಲೇ ಅವಳು ವರ್ಷವಿಡೀ ಬೆವರು ಸುರಿಸಿದ್ದು ನನಗೆ ಗೊತ್ತಿತ್ತು. ಇಬ್ಬರೂ ಹಟಮಾರಿಗಳು, ಒಂದೇ ರಕ್ತ.

ಕೊನೆಗೆ ಅತ್ತೆಯನ್ನು ಟೀಚರ್ ಹತ್ತಿರವೇ ಕರೆದುಕೊಂಡು ಹೋದೆ. ಕ್ಲಾಸಿನ ಕೆಳಗೇ ಇರುವ ಮಾಮಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಮೂವರೂ ಚಹಾ ಮುಂದಿಟ್ಟುಕೊಂಡು ಕೂತೆವು. ಟೀಚರ್ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ನಾನು ಕನ್ನಡ ಮಾಡುತ್ತಾ ಹೋದೆ. ಮೊದಮೊದಲು ಲಂಗ ಉದ್ದವೇ ಇತ್ತಂತೆ. ಹೆಂಗಸರು ಕಾಲಿನ ಕಷ್ಟದ ವಿದ್ಯೆ ಕಲಿತರಂತೆ, ಅದೆಲ್ಲ ಬಟ್ಟೆಯೊಳಗೇ ಮುಚ್ಚಿಹೋಗುತ್ತಿತ್ತಂತೆ. ಕಾಲಿನ ಕೆಲಸ ಜನಕ್ಕೆ ಕಾಣಲಿ ಅಂತ ಲಂಗ ಮೇಲೇರುತ್ತಾ ಬಂತಂತೆ. ಆಮೇಲೆ ಟೀಚರ್ ಉತ್ಸಾಹದಿಂದ, ಟೂಟೂ ಅನ್ನುವ ಹೆಸರು ಫ್ರಾನ್ಸಿನಲ್ಲಿ ಮಕ್ಕಳು ಅಂಡಿಗೆ ಮುದ್ದಾಗಿ ಹೇಳೋ ಮಾತಿಂದ ಬಂತು ಅಂತಾರೆ ಅಂತ ಕೈಯಾಡಿಸಿ ವಿವರಿಸಿದರು.

ನಾನು ಚಹಾ ಕುಡಿದೆ.

"ಅವರು ಅಷ್ಟುದ್ದ ಹೇಳಿದರಲ್ಲ, ಏನಂತೆ?" ಅಂದರು ಅತ್ತೆ.

"ಫ್ರಾನ್ಸಲ್ಲಿ ಮಕ್ಕಳು ಬಹಳ ಮುದ್ದಂತೆ" ಅಂದೆ.

ಅತ್ತೆ ಲೋಟ ಕೆಳಗಿಟ್ಟರು. "ಕಾಲು ಕಾಣಲಿ ಅಂತಾನಾ? ಅದನ್ನ ಮೊದಲೇ ಹೇಳಬಾರದಾ. ನನಗೆ ಹೊಸ ಕಾಲ್ಗೆಜ್ಜೆ ಮಾಡಿಸಿದಾಗ ನಾನೂ ನಮ್ಮ ಓರಗಿತ್ತಿ ಮುಂದೆ ನೆರಿಗೆ ಎತ್ತಿಕೊಂಡೇ ಓಡಾಡಿದ್ದು. ಹದಿನೈದು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಬರ್ತೀನಿ ಅಂತ ಹೇಳು ಕೂಸಿಗೆ."

ಅಂಗಾಲು

ವಾರ್ಷಿಕೋತ್ಸವದ ಸಂಜೆ ತೆರೆಯ ಹಿಂದೆ ಅತ್ತೆ ಸೆರಗಿನಿಂದ ಕಾಡಿಗೆ ಡಬ್ಬಿ ತೆಗೆದು, ಮೊಮ್ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡಲು ಹೋದರು. ಟೀಚರ್ ಕೆಮ್ಮಿದರು. ಮುಖದ ಮೇಲೆ ಕಲೆ ಬೇಡ ಅಂದರು. ಅತ್ತೆ "ಸರಿ ತಾಯಿ" ಅಂತ ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಗುಮಾನಿ ಬರಬೇಕಿತ್ತು. ಬಗ್ಗಿ ಕೂಸಿನ ಶೂ ಸರಿಮಾಡುತ್ತಿದ್ದಾರೆ ಅಂದುಕೊಂಡೆ.

ಉದ್ದ ಲಂಗದ ಹುಡುಗಿ ಮೊದಲು ಬಂದಳು, ತನ್ನ ಲಂಗವನ್ನೇ ತುಳಿದು ದೊಪ್ಪನೆ ಬಿದ್ದಳು. ಮಂಡಿ ಲಂಗದವಳು ಹೆದರಿ ಹೆಜ್ಜೆ ಮರೆತಳು. ಆಮೇಲೆ ನಮ್ಮವಳು ಬಂದು, ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದಳು. ಮುಂದಿನ ಸಾಲಿನಲ್ಲಿ ಅಜ್ಜಿ ಕೈ ಎತ್ತಿದರು. ಅಷ್ಟೇ ಸಾಕಾಯಿತು. ಎಷ್ಟು ಚೆನ್ನಾಗಿ ಕುಣಿದಳು ಅಂದರೆ ನನಗೆ ಕಣ್ಣು ತುಂಬಿ ಬಂತು. ಕೊನೆಗೆ ನಮಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಕಾಲು ಎತ್ತಿದಳು. ಬಿಳೀ ಶೂವಿನ ಅಂಗಾಲಿನಲ್ಲಿ ಕೋಟಿನ ಗುಂಡಿಯಷ್ಟು ದಪ್ಪ ಕರೀ ಬೊಟ್ಟು ಸಭೆಗೆಲ್ಲ ಕಂಡಿತು.

"ಅಂಗಾಲು ಯಾರಿಗೆ ಕಾಣತ್ತೆ ಅಂದುಕೊಂಡೆ" ಅಂದರು ಅತ್ತೆ ಮೆಲ್ಲಗೆ.

ವಿರಾಮದಲ್ಲಿ ಬೈಸಿಕೊಳ್ಳಲು ತಯಾರಾಗಿ ಒಳಗೆ ಹೋದೆವು. ಬಿದ್ದ ಹುಡುಗಿಯ ಅಮ್ಮ ಎದುರಾಗಿ, ಆ ಕರೀ ಬೊಟ್ಟು ಏನು ಅಂತ ಕೇಳಿದಳು. ಕೆಟ್ಟ ಕಣ್ಣು ಬೀಳದಿರಲಿ ಅಂತ ಇಡೋದು ಅಂದೆ. ಅವಳು ತಕ್ಷಣ ಮಗಳ ಶೂ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. "ಆಂಟಿ, ಇವಳಿಗೆ ಇನ್ನೊಂದು ಡ್ಯಾನ್ಸ್ ಇದೆ ಲಾ." ನೋಡನೋಡುತ್ತಿದ್ದಂತೆ ಸಾಲೇ ನಿಂತಿತು. ಅತ್ತೆ ಸ್ಟೂಲಿನ ಮೇಲೆ ಕೂತು, ಬೆರಳಿಗೆ ಕಾಡಿಗೆ ಹಚ್ಚಿಕೊಂಡು, ಮಲಯ್, ಚೀನೀ, ತಮಿಳು ಅಂತ ನೋಡದೆ ಎಲ್ಲ ಅಂಗಾಲಿಗೂ ಬೊಟ್ಟು ಇಟ್ಟರು.

ಸಾಲಿನ ಕೊನೆಯಲ್ಲಿ ಟೀಚರ್. ಕೈಯಲ್ಲಿ ಅವರದೇ ಒಂದು ಶೂ.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವರಿಗೆ ಯಾಕೆ ಬೊಟ್ಟು? ಇವರನ್ನ ಕಂಡ್ರೆ ಕೆಟ್ಟ ಕಣ್ಣೇ ಎದ್ದುಬಿದ್ದು ಓಡಿಹೋಗತ್ತೆ" ಅಂದರು.

ಟೀಚರ್ ನನ್ನ ಕಡೆ ತಿರುಗಿ, ಅವರು ಏನಂದರು ಅಂತ ಕೇಳಿದರು.

"ನೀವು ಇಷ್ಟು ಚೆನ್ನಾಗಿದ್ದೀರಲ್ಲ, ನಿಮಗೆ ಒಂದು ಬೊಟ್ಟು ಸಾಲಲ್ಲವಂತೆ" ಅಂದೆ.

ಟೀಚರ್ ಇನ್ನೊಂದು ಶೂ ಕೂಡ ಬಿಚ್ಚಿದರು.