ನ್ಯಾಯದ ಡಬ್ಬಿ

ಎಲ್ಲಕ್ಕೂ ಕಾರಣ ಒಂದು ಖಾಲಿ ಪೌಡರ್ ಡಬ್ಬಿ. ಹೆಂಡತಿ ಎಸೆಯಲು ಹೊರಟಿದ್ದ ಅದನ್ನು ಲೆಕ್ಕದ ಮೇಷ್ಟ್ರು ಕಸಿದುಕೊಂಡು, ಮುಚ್ಚಳ ಕಿತ್ತು, ನಲವತ್ತೆರಡು ಚೀಟಿ ತುಂಬಿದ್ದರು. ಏಳನೇ ಕ್ಲಾಸಿನ ಒಬ್ಬೊಬ್ಬರಿಗೂ ಒಂದೊಂದು ಚೀಟಿ, ಅದರಲ್ಲಿ ಅವರವರ ಹಾಜರಿ ನಂಬರು.

ಮೂರು ದಿನದ ತರಬೇತಿಯ ಪರಿಣಾಮ ಇದು. ಉಳಿದ ಮೇಷ್ಟ್ರುಗಳಿಗೆ ಅಲ್ಲಿ ಒಳ್ಳೆಯ ನಿದ್ದೆ ಬಂದಿತ್ತು. ನಮ್ಮವರು ಮಾತ್ರ ಪಾಪ, ಕೇಳಿಸಿಕೊಂಡುಬಿಟ್ಟಿದ್ದರು. ಕೈ ಎತ್ತುವವರನ್ನೇ ಕೇಳಬಾರದು, ಎಲ್ಲರಿಗೂ ಸಮಾನ ಅವಕಾಶ ಸಿಗಬೇಕು, ಚೀಟಿ ಎತ್ತಿ, ಯಾರ ನಂಬರು ಬರುತ್ತದೋ ಅವರನ್ನು ಕೇಳಿ.

"ಇವತ್ತೊಂದಿನ ಆ ಡಬ್ಬಿ ಬೇಡ ಸರ್," ಎಂದರು ಹೆಡ್ ಮೇಡಂ ಬೆಳಿಗ್ಗೆಯೇ. "ಇನ್‌ಸ್ಪೆಕ್ಟರ್ ಬರ್ತಿದ್ದಾರೆ."

"ನ್ಯಾಯಕ್ಕೆ ರಜಾ ಇಲ್ಲ ಮೇಡಂ."

"ಸರಿ. ಮಾನ ಹೋಯ್ತೋ, ನಾಳೆಯಿಂದ ನಿಮಗೆ ಒಂದನೇ ಕ್ಲಾಸು."

ಮೇಷ್ಟ್ರ ಎದೆ ಧಸಕ್ಕೆಂದಿತು. ಹನ್ನೊಂದು ವರ್ಷ ಒಂದನೇ ಕ್ಲಾಸಿನಲ್ಲಿ ಮೂಗು ಒರೆಸಿ, ಗುಂಡಿ ಹಾಕಿ, ಕಚ್ಚಾಟ ಬಿಡಿಸಿ, ಈ ವರ್ಷವಷ್ಟೇ ಏಳನೇ ಕ್ಲಾಸಿಗೆ ಬಡ್ತಿ ಸಿಕ್ಕಿತ್ತು. ಆದರೂ ಡಬ್ಬಿ ಬಿಡಲಿಲ್ಲ. ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಪ್ರಾರ್ಥನೆಗೆ ಹೋದರು.

ಡ್ರಾಯಿಂಗ್ ಮೇಡಂ ಕರುಣಾಮಯಿ. ಮೇಷ್ಟ್ರ ಕಷ್ಟ ನೋಡಲಾರದೆ, ಬಾಯಿ ಬಿಡದ ಮಕ್ಕಳ ಚೀಟಿಗಳನ್ನೆಲ್ಲ ಆರಿಸಿ ತೆಗೆದು ಪರ್ಸಿಗೆ ಹಾಕಿಕೊಂಡರು. ಅವರು ಹೋದಮೇಲೆ ವಿಜ್ಞಾನದ ಮೇಷ್ಟ್ರು ಬಂದರು. ಅವರದು ಇನ್ನೂ ದೊಡ್ಡ ಮನಸ್ಸು. ಉಳಿದ ಚೀಟಿಗಳನ್ನೂ ಕಸದ ಬುಟ್ಟಿಗೆ ಸುರಿದು, ಕ್ಲಾಸಿಗೇ ಮೊದಲಿಗಳಾದ, ಎಲ್ಲರೂ 'ಪಟಪಟಿ' ಎಂದು ಕರೆಯುವ ಹುಡುಗಿಯ ಒಂಬತ್ತನೇ ನಂಬರನ್ನೇ ಮೂವತ್ತು ಚೀಟಿಯಲ್ಲಿ ಬರೆದು ತುಂಬಿಸಿದರು. ಸಹೋದ್ಯೋಗಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ!

ಎರಡನೇ ಪೀರಿಯಡ್ಡಿಗೆ ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಹೆಡ್ ಮೇಡಂ. ಮೇಷ್ಟ್ರು ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಬರೆದು ಡಬ್ಬಿ ಅಲ್ಲಾಡಿಸಿದರು.

"ಒಂಬತ್ತು!"

ಪಟಪಟಿ ಎದ್ದು ಪಟಪಟನೆ ಉತ್ತರ ಹೇಳಿದಳು. ಎರಡನೇ ಲೆಕ್ಕಕ್ಕೂ ಒಂಬತ್ತು. ಮೂರನೆಯದಕ್ಕೂ ಒಂಬತ್ತು. ಇನ್‌ಸ್ಪೆಕ್ಟರು ಕನ್ನಡಕ ಒರೆಸಿಕೊಂಡರು.

ಆರನ್ನು ಅರ್ಧದಿಂದ ಭಾಗಿಸಿದರೆ ಎಷ್ಟು? ಮೇಷ್ಟ್ರು ನಾಲ್ಕನೇ ಚೀಟಿ ಬಿಚ್ಚಿದರು. ಒಂಬತ್ತು! ಯಾರೋ ಉಪಕಾರ ಮಾಡಿದ್ದಾರೆಂದು ಅವರಿಗೆ ಆಗ ಹೊಳೆಯಿತು. ಚೀಟಿಯಲ್ಲಿದ್ದದ್ದನ್ನೇ ಓದಿದರೆ ಏಳನೇ ಕ್ಲಾಸು ಉಳಿಯುತ್ತದೆ. ಆದರೆ ಕಿಟಕಿ ಪಕ್ಕದಲ್ಲಿ, ಈ ವರ್ಷವೆಲ್ಲ 'ಹಾಜರ್' ಬಿಟ್ಟು ಬೇರೆ ಮಾತಾಡದ ಹುಡುಗಿ ಡಬ್ಬಿಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಚೀಟಿ ಮಡಚಿದರು. ಜೀವನದಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಸುಳ್ಳು ಹೇಳಿದರು.

"ಮೂವತ್ತಾರು!"

ಹೆಡ್ ಮೇಡಂ ಹಣೆಗೆ ಕೈ ಹಚ್ಚಿದರು. ಹುಡುಗಿ ಮೆಲ್ಲಗೆ ಎದ್ದಳು.

"ಗೊತ್ತಿಲ್ಲ ಸರ್. ಆದ್ರೆ ಯಾಕೆ ಗೊತ್ತಾಗ್ತಿಲ್ಲ ಅಂತ ಗೊತ್ತು."

"ಹೇಳಮ್ಮ."

"ಹನ್ನೆರಡು ಅಂತ ಎಲ್ರೂ ಹೇಳ್ತಾರೆ. ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕಲ್ವಾ? ಜಾಸ್ತಿ ಹೇಗಾಯ್ತು?"

ಮೇಷ್ಟ್ರು ಪಟಪಟಿಯ ಕಡೆ ನೋಡಿದರು. "ತಿರುಗಿಸಿ ಗುಣಿಸೋದು ಸರ್. ಯಾಕೆ ಅಂತ ಪುಸ್ತಕದಲ್ಲಿ ಇಲ್ಲ," ಎಂದಳು ಅವಳು.

ಅಷ್ಟರಲ್ಲಿ ಶಾಲೆಗೇ ಹೆಸರಾದ ಚಾಕ್‌ಪೀಸ್ ಕಳ್ಳ ಎದ್ದು ನಿಂತ. ಎರಡೂ ಜೇಬಿಗೆ ಕೈ ಹಾಕಿ ಆರು ಹೊಸ ಚಾಕ್‌ಪೀಸು ತೆಗೆದು ಡೆಸ್ಕಿನ ಮೇಲೆ ಸಾಲಾಗಿಟ್ಟ. ಹೆಡ್ ಮೇಡಂ ಹಲ್ಲು ಕಡಿದರು. ಅವನು ಒಂದೊಂದನ್ನೂ ಟಕ್ ಟಕ್ಕೆಂದು ಅರ್ಧಕ್ಕೆ ಮುರಿದ.

"ನೋಡು, ಆರಿತ್ತು. ಅರ್ಧರ್ಧ ಮಾಡ್ದೆ. ಈಗ ಎಣಿಸು!"

"ಹನ್ನೆರಡು..." ಹುಡುಗಿಯ ಕಣ್ಣು ಅರಳಿತು. "ಓ! ಆರರಲ್ಲಿ ಎಷ್ಟು ಅರ್ಧ ಇದೆ ಅಂತ ಕೇಳ್ತಿರೋದಾ? ಹಾಗಂತ ಮೊದ್ಲೇ ಹೇಳ್ಬಾರ್ದಾ ಸರ್!"

ಕ್ಲಾಸು ಘೊಳ್ಳೆಂದಿತು. ಆಮೇಲೆ ಯಾರ ನಂಬರಿಗೂ ಯಾರೂ ಕಾಯಲಿಲ್ಲ. ನಾಲ್ಕನೇ ಒಂದರಿಂದ ಭಾಗಿಸಿದರೆ? ಮೂರನೇ ಒಂದರಿಂದ ಭಾಗಿಸಿದರೆ? ಎಲ್ಲರೂ ಮುರಿಯುವವರೇ, ಎಣಿಸುವವರೇ. ಇನ್‌ಸ್ಪೆಕ್ಟರು ತಾವೂ ಒಂದು ಚಾಕ್‌ಪೀಸು ಮುರಿದು, "ನಲವತ್ತು ವರ್ಷದಿಂದ ನಾನೂ ಸುಮ್ನೆ ತಿರುಗಿಸಿ ಗುಣಿಸ್ತಿದ್ದೆ ಕಣ್ರೀ!" ಎಂದು ನಕ್ಕರು. ಮೇಷ್ಟ್ರಿಗೆ ಕುಣಿಯುವಷ್ಟು ಖುಷಿ.

ಗಂಟೆ ಹೊಡೆಯಿತು. ಇನ್‌ಸ್ಪೆಕ್ಟರು ನೇರ ಬಂದು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂಬತ್ತು, ಒಂಬತ್ತು, ಒಂಬತ್ತು. ಬಾಗಿಲಲ್ಲಿ ಇಣುಕುತ್ತಿದ್ದ ವಿಜ್ಞಾನದ ಮೇಷ್ಟ್ರು ಮಾಯವಾದರು.

"ಮೂವತ್ತಾರು ಎಲ್ಲಿ ಮೇಷ್ಟ್ರೇ?"

"ಸಾರ್... ಅದು..." ಮೇಷ್ಟ್ರ ಕಣ್ಣೆದುರು ಅರವತ್ತು ಪುಟ್ಟ ಮೂಗುಗಳು ಸಾಲಾಗಿ ನಿಂತವು.

"ಡಬ್ಬಿ ಮೋಸ ಮಾಡ್ತು, ನೀವು ಮಾಡ್ಲಿಲ್ಲ!" ಇನ್‌ಸ್ಪೆಕ್ಟರು ಅವರ ಬೆನ್ನು ತಟ್ಟಿದರು. "ಭೇಷ್! ಮೇಡಂ, ಇಂಥವರನ್ನ ನೀವು ಕಳ್ಕೋಬಾರ್ದು."

"ಖಂಡಿತ ಇಲ್ಲ ಸಾರ್," ಎಂದ ಹೆಡ್ ಮೇಡಂ ಮುಖ ಊರಗಲವಾಯಿತು. ಮೇಷ್ಟ್ರ ಎದೆಯೂ ಎರಡಿಂಚು ಉಬ್ಬಿತು.

"ಆದ್ರೆ ಏಳನೇ ಕ್ಲಾಸಿಗೆ ಬರೋ ಹೊತ್ತಿಗೆ ಮಕ್ಕಳ ಬಾಯಿ ಮುಚ್ಚಿಹೋಗಿರುತ್ತೆ. ಇವರು ಬುಡದಲ್ಲೇ ಇರಬೇಕು." ಇನ್‌ಸ್ಪೆಕ್ಟರು ಪೆನ್ನು ತೆಗೆದು ಅಲ್ಲೇ ಆದೇಶ ಬರೆಯತೊಡಗಿದರು. "ನಾಳೆಯಿಂದ ಇವರಿಗೆ ಒಂದನೇ ಕ್ಲಾಸು!"

ಮೇಷ್ಟ್ರು ಆದೇಶದ ಕಡೆ ಬಗ್ಗಿ ನೋಡಿದರು. "ಎ... ಎಷ್ಟು ದಿನಕ್ಕೆ ಸಾರ್?"

"ದಿನ ಯಾಕ್ರೀ?" ಇನ್‌ಸ್ಪೆಕ್ಟರು ಪ್ರೀತಿಯಿಂದ ಸಹಿ ಹಾಕಿದರು. "ನಿವೃತ್ತಿ ಆಗೋವರೆಗೂ ಯಾರೂ ನಿಮ್ಮನ್ನ ಅಲ್ಲಿಂದ ಅಲ್ಲಾಡಿಸಕೂಡದು ಅಂತ ಬರೆದಿದ್ದೀನಿ!"